ಮೀನಿಗೆ ಚುಚ್ಚುಮದ್ದು ಕೊಟ್ಟ ಉಸಾಯ್

ಕೆರೆಗೆ ಕಾಟ್ಲಾ ಮರಿ ಬಿಡುವಾಗ, ಇವು ಇಲ್ಲೇ ಯಾಕೆ ಮರಿ ಮಾಡಲ್ಲ ಅಂತ ನಾನು ಮೇಷ್ಟ್ರನ್ನು ಕೇಳಿದೆ. ನಿಂತ ನೀರಲ್ಲಿ ಮೊಟ್ಟೆ ಪೂರ್ತಿ ಮಾಗಲ್ಲವಂತೆ. ಮಿದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿಯ ಹಾರ್ಮೋನು ರಕ್ತದಲ್ಲಿ ಅಂಡಾಶಯಕ್ಕೆ ಹೋಗಬೇಕು. ಅಂಡಾಶಯ ಇನ್ನೊಂದು ಹಾರ್ಮೋನು ಮಾಡಬೇಕು. ಆಗಲೇ ಮೊಟ್ಟೆ ಮಾಗೋದು.

ಈ ಗ್ರಂಥಿಯ ಬೆನ್ನು ಹತ್ತಿದವರು ಅರ್ಜೆಂಟೀನಾದ ಬರ್ನಾರ್ಡೊ ಉಸಾಯ್ (1887–1971). 17ಕ್ಕೇ ಔಷಧಶಾಸ್ತ್ರ ಮುಗಿಸಿದ್ದರು, ಈಗ ನಮ್ಮಣ್ಣನ ವಯಸ್ಸು! 1930ರಲ್ಲಿ ಒಂದು ಮೀನಿನ ಗ್ರಂಥಿಯ ರಸವನ್ನು ಮರಿ ಹಾಕುವ ಇನ್ನೊಂದು ಜಾತಿ ಮೀನಿಗೆ ಚುಚ್ಚಿದರು. ಅದು ದಿನ ತುಂಬುವ ಮೊದಲೇ ಮರಿ ಹಾಕಿತು.

1943ರಲ್ಲಿ ಪ್ರಜಾಪ್ರಭುತ್ವ ಬೇಕೆಂದು ಸಹಿ ಹಾಕಿದ್ದಕ್ಕೆ ಸೈನಿಕ ಸರ್ಕಾರ ಅವರನ್ನು ಕೆಲಸದಿಂದ ತೆಗೆಯಿತು. ದೇಶ ಬಿಡದೆ, ಖಾಸಗಿ ಸಂಸ್ಥೆ ಕಟ್ಟಿ ಪ್ರಯೋಗ ಮುಂದುವರಿಸಿದರು. 1947ರಲ್ಲಿ ನೊಬೆಲ್ ಬಂತು.

ಒಡಿಶಾದಲ್ಲಿ ಹೀರಾಲಾಲ್ ಚೌಧುರಿಯವರು ಗ್ರಂಥಿರಸ ಚುಚ್ಚಿ ಗೆಂಡೆ ಮೀನಿಗೆ ಮೊಟ್ಟೆ ಇಡಿಸಿದ್ದು 1957ರಲ್ಲಿ.