ಆಚಾರ್ಯ ಶಾಂತಿಸಾಗರರ ಮಾತಾಪಿತೃಸೇವೆ

ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರ ಹೆಸರನ್ನು ಅರಿಯದ ದಿಗಂಬರ ಜೈನ ಮನೆತನ ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿರಲಾರದು. ಭಾದ್ರಪದ ಶುದ್ಧ ಬಿದಿಗೆ ಬಂದೊಡನೆ ಕುಂಥಲಗಿರಿಯ ಅವರ ಸಲ್ಲೇಖನೆಯನ್ನು ಸ್ಮರಿಸುತ್ತೇವೆ. ಆದರೆ ಅವರು ಮನೆಯಲ್ಲಿ ಕಳೆದ ಮೊದಲ ನಾಲ್ವತ್ತು ವರ್ಷಗಳನ್ನು ಕುರಿತು ನಮ್ಮಲ್ಲಿ ಮಾತು ಕಡಿಮೆ.

1872ರಲ್ಲಿ ತಾಯಿಯ ತವರಾದ ಯಳಗೂಡಿನಲ್ಲಿ ಅವರು ಜನ್ಮವೆತ್ತಿದರು. ಪೂರ್ವಾಶ್ರಮದ ಹೆಸರು ಸಾತಗೌಡ. ತಂದೆ ಭೀಮಗೌಡ ಪಾಟೀಲರು, ತಾಯಿ ಸತ್ಯವತಿ. ಮನೆತನದ ಊರು ಬೆಳಗಾವಿ ಜಿಲ್ಲೆಯ ಭೋಜ. ವೇದಗಂಗಾ ದೂಧಗಂಗೆಯರು ಕೂಡುವ ಸ್ಥಳ. ಆ ನೀರೇ ಮುಂದೆ ಕೃಷ್ಣೆಯನ್ನು ಸೇರಿ ನಮ್ಮ ಸೀಮೆಗೆ ಹರಿದುಬರುತ್ತದೆ. ಆ ಕಾಲದ ರೂಢಿಯಂತೆ ಒಂಬತ್ತನೆಯ ವಯಸ್ಸಿಗೇ ಅವರಿಗೆ ವಿವಾಹವಾಯಿತು. ಬಾಲವಧು ಕೆಲವೇ ತಿಂಗಳಲ್ಲಿ ತೀರಿಕೊಂಡಳು. ಮತ್ತೆ ವಿವಾಹವಾಗಲಿಲ್ಲ.

ಹದಿನೆಂಟರ ಸುಮಾರಿಗೆ ಸಾತಗೌಡರಲ್ಲಿ ದೀಕ್ಷೆಯ ಭಾವ ಬಲವಾಯಿತು. ತಂದೆ ಅದನ್ನು ಅಲ್ಲಗಳೆಯಲಿಲ್ಲ. ತಾವಿಬ್ಬರೂ ಬದುಕಿರುವವರೆಗೆ ಮನೆಯಲ್ಲಿಯೇ ಇದ್ದು ಧರ್ಮಸಾಧನೆ ಮಾಡಬೇಕೆಂದು ಕೇಳಿಕೊಂಡರು. ಮಗ ಒಪ್ಪಿದರು. ಈ ಒಪ್ಪಿಗೆ ಸುಲಭದ್ದಾಗಿರಲಿಲ್ಲವೆಂದು ನನ್ನ ಅಭಿಪ್ರಾಯ. ವೈರಾಗ್ಯವುಳ್ಳವನಿಗೆ ಕಾಡಿಗೆ ಹೋಗುವುದಕ್ಕಿಂತ ಅಂಗಡಿಯಲ್ಲಿ ಕುಳಿತು ಬಟ್ಟೆ ಮಾರುವುದು ಕಠಿಣ. ಮುನಿಗಳು ಬಂದರೆ ಅವರನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸುತ್ತಿದ್ದ ಸಾತಗೌಡರು ತಾವು ಮಾತ್ರ ಈಚೆಯ ದಡದಲ್ಲೇ ಉಳಿದರು. 1905ರಲ್ಲಿ ಸಮ್ಮೇದ ಶಿಖರ್ಜಿಯ ಯಾತ್ರೆ ಮಾಡಿ, ದಿನಕ್ಕೆ ಒಪ್ಪೊತ್ತಿನ ಊಟವನ್ನು ಜೀವಮಾನದ ವ್ರತವಾಗಿ ಹಿಡಿದರು. ಹಿಡಿದು ಮರಳಿ ಬಂದದ್ದು ಮನೆಗೇ. ಮೊದಲು ತಂದೆ, ಬಳಿಕ 1912ರಲ್ಲಿ ತಾಯಿ ಕಾಲವಾಗುವವರೆಗೆ ಅವರು ಗೃಹಸ್ಥರಾಗಿಯೇ ಇದ್ದರು.

ವ್ರತಪ್ರಿಯರಾದ ಶ್ರಾವಕರು ಇಲ್ಲಿ ಒಂದನ್ನು ಗಮನಿಸಬೇಕು. ಬಾಹ್ಯ ತಪಸ್ಸು ಆರರಲ್ಲಿ ಅನಶನವು ಮೊದಲನೆಯದು. ಆದರೆ ಅಭ್ಯಂತರ ತಪಸ್ಸಿನಲ್ಲಿ ವೈಯಾವೃತ್ಯಕ್ಕೂ ಸ್ಥಾನವಿದೆ. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಪ್ರೋಷಧೋಪವಾಸವಾದೊಡನೆ ವೈಯಾವೃತ್ಯವನ್ನು ನಾಲ್ಕನೆಯ ಶಿಕ್ಷಾವ್ರತವಾಗಿ ಹೇಳಿದ್ದಾರೆ. ಅದು ಮುಖ್ಯವಾಗಿ ಸಂಯಮಿಗಳ ಸೇವೆ ಎಂಬುದು ನಿಜ. ಆದರೆ ಮನೆಯ ಹಿರಿಯರ ಕಾಲೊತ್ತದ ಕೈ ಮುನಿಗಳ ಕಾಲನ್ನು ಎಷ್ಟರಮಟ್ಟಿಗೆ ಒತ್ತೀತು? ಅಷ್ಟಾಹ್ನಿಕದ ಉಪವಾಸ ತಪ್ಪದ ಮನೆಯಲ್ಲಿ ಮುದುಕರ ಗಂಜಿ ಆರಿ ತಣ್ಣಗಾಗಿದ್ದುದನ್ನು ನಾನು ಕಂಡಿದ್ದೇನೆ. ಮಗ್ಗದ ಮನೆಗಳ ಮಕ್ಕಳು ಇಚಲಕರಂಜಿಗೋ ಪುಣೆಗೋ ಹೋದ ಮೇಲೆ, ಆ ಗಂಜಿ ಕಾಯಿಸುವ ಭಾರವೆಲ್ಲ ಒಬ್ಬ ಸೊಸೆಯ ಮೇಲೆ ಬೀಳುವುದೂ ಉಂಟು. ಆಕೆಯ ದಣಿವನ್ನು ಕೇಳುವವರಿಲ್ಲ.

ತಾಯಿಯ ಮರಣಾನಂತರ ಸಾತಗೌಡರಿಗೆ ಬಂಧನ ಉಳಿಯಲಿಲ್ಲ. ದೇವಪ್ಪಸ್ವಾಮಿಗಳಿಂದ ಕ್ಷುಲ್ಲಕ ದೀಕ್ಷೆ. ಗಿರನಾರದಲ್ಲಿ ನೇಮಿನಾಥ ಸ್ವಾಮಿಯ ಸನ್ನಿಧಿಯಲ್ಲಿ ಐಲಕ ವ್ರತ (ತೇರದಾಳದ ಬಸದಿಯ ನಮ್ಮ ನೇಮಿನಾಥನೂ ಅವನೇ ಅಲ್ಲವೆ). 1920ರಲ್ಲಿ ಯರನಾಳದಲ್ಲಿ ಮುನಿದೀಕ್ಷೆ. 1924ರಲ್ಲಿ ಸಮಡೋಳಿಯಲ್ಲಿ ಆಚಾರ್ಯಪದ. ದಕ್ಷಿಣದಿಂದ ಉತ್ತರಕ್ಕೆ ಅವರು ಮಾಡಿದ ವಿಹಾರವನ್ನು ಎಲ್ಲರೂ ಬಲ್ಲರು.

ವೃದ್ಧಾಪ್ಯ ಅವರನ್ನೂ ಬಿಡಲಿಲ್ಲ. ಎಂಬತ್ತು ದಾಟಿದ ಮೇಲೆ ದೃಷ್ಟಿ ಮಂದವಾಯಿತು, ಆಧಾರವಿಲ್ಲದೆ ನಡೆಯುವುದು ಕಷ್ಟವಾಯಿತು. ನೆಲವನ್ನು ನೋಡಿ ಹೆಜ್ಜೆಯಿಡುವ ಈರ್ಯಾಸಮಿತಿಯನ್ನೂ ಅಂಗೈಯ ಆಹಾರವನ್ನು ಪರೀಕ್ಷಿಸುವ ಏಷಣಾಸಮಿತಿಯನ್ನೂ ಕಣ್ಣಿಲ್ಲದೆ ಪಾಲಿಸುವುದು ಅಸಾಧ್ಯ. ಮಹಾವ್ರತ ಕೆಡುವ ಮೊದಲು ದೇಹವನ್ನು ಬಿಡಲು ಅವರು ನಿಶ್ಚಯಿಸಿದರು. ರೋಗದಿಂದ ಅನ್ನ ಸೇರದ ಮುದುಕರನ್ನು ಕಂಡು ಇದೂ ಸಲ್ಲೇಖನೆಯೇ ಎಂದು ಮನೆಯವರು ಸುಮ್ಮನಾಗುವುದು ಶಾಸ್ತ್ರವಲ್ಲ. ಅಲ್ಲಿ ಬೇಕಾದುದು ವೈದ್ಯ, ಔಷಧ ಮತ್ತು ಪಕ್ಕದಲ್ಲಿ ಕೂಡ್ರುವ ಒಬ್ಬರು.

1955ರ ಆಗಸ್ಟಿನಲ್ಲಿ ಕುಂಥಲಗಿರಿಯಲ್ಲಿ ವ್ರತ ಸ್ವೀಕಾರವಾಯಿತು. ದೂರದಲ್ಲಿದ್ದ ಶಿಷ್ಯ ವೀರಸಾಗರರಿಗೆ ಆಚಾರ್ಯಪದವನ್ನು ಕಳುಹಿಸಿಕೊಟ್ಟು ಆ ಭಾರವನ್ನೂ ಇಳಿಸಿಕೊಂಡರು. ಅನ್ನ ಬಿಟ್ಟು, ಕೆಲವು ದಿನ ನೀರು ಮಾತ್ರ ಕೊಂಡು, ಕಡೆಗೆ ನೀರನ್ನೂ ತ್ಯಜಿಸಿದರು. ಸೆಪ್ಟೆಂಬರ್ 18ರ ಬೆಳಗಿನ 6 ಗಂಟೆ 50 ನಿಮಿಷಕ್ಕೆ ಸಮಾಧಿಮರಣವಾಯಿತು. ಆಗ ಅವರಿಗೆ 83 ವರ್ಷ.