ಎಲ್‌ಎಂಎಸ್ ಸರ್ಟಿಫಿಕೇಟ್ ಹಿಡಿದು ಬೋಸ್ಟನ್ನಿಗೆ ಹೋದ ಡಾಕ್ಟರು

ಏಳನೇ ಸೆಮಿಸ್ಟರ್ ಬಂತು ಅಂದ್ರೆ ನಮ್ಮ ಹಾಸ್ಟೆಲ್‌ಗಳಲ್ಲಿ ಮಾತೆಲ್ಲ ಎರಡೇ ವಿಷಯದ ಸುತ್ತ ಸುತ್ತುತ್ತದೆ. ಒಂದು ಬ್ರಾಂಚ್ ಓದಿ ಇನ್ನೊಂದರಲ್ಲಿ ಎಂಎಸ್ ಮಾಡೋಕೆ ಸೀಟು ಸಿಗತ್ತಾ? ಸಿಕ್ಕರೂ ದುಡ್ಡು ಎಲ್ಲಿಂದ ತರೋದು? ಇದೇ ಎರಡು ಪ್ರಶ್ನೆ ಇಟ್ಟುಕೊಂಡು ನೂರು ವರ್ಷದ ಹಿಂದೆ ಹಡಗು ಹತ್ತಿದವರು ಯಲ್ಲಾಪ್ರಗಡ ಸುಬ್ಬರಾವ್. ಇವರು ಕಂಡುಹಿಡಿದದ್ದರ ಹೆಸರು ನಮಗೆಲ್ಲ ಪಿಯುಸಿ ಬಯಾಲಜಿಯಿಂದ ಗೊತ್ತು, ಎಟಿಪಿ. ಆದರೆ ಇವರ ಹೆಸರನ್ನು ಮಾತ್ರ ಆ ಪುಸ್ತಕದಲ್ಲಿ ನಾವ್ಯಾರೂ ನೋಡಿದ ನೆನಪಿಲ್ಲ.

ಹುಟ್ಟಿದ್ದು 1895ರಲ್ಲಿ, ಆಂಧ್ರದ ಭೀಮಾವರಂನಲ್ಲಿ. ಮನೆಯಲ್ಲಿ ಬಡತನ, ಓದಿನಲ್ಲೂ ಹೇಳಿಕೊಳ್ಳುವಂಥದ್ದೇನಿಲ್ಲ. ಮೆಟ್ರಿಕ್ ಪಾಸಾಗಿದ್ದು ಮೂರನೇ ಸಲ. ಹುಡುಗನಾಗಿದ್ದಾಗ ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ದುಡ್ಡು ಮಾಡ್ತೀನಿ ಅಂತ ಮನೆಬಿಟ್ಟು ಓಡಿಹೋಗಿದ್ದರಂತೆ. ಆಮೇಲೆ ರಾಮಕೃಷ್ಣ ಮಿಷನ್ ಸೇರಿ ಸನ್ಯಾಸಿ ಆಗಬೇಕೆಂಬ ಮನಸ್ಸಾಯಿತು. ಕೊನೆಗೆ ಸೇರಿದ್ದು ಮದ್ರಾಸ್ ಮೆಡಿಕಲ್ ಕಾಲೇಜು.

ಅಲ್ಲಿ ಎಡವಟ್ಟಾಗಿದ್ದು ಬಟ್ಟೆಯಿಂದ. ಗಾಂಧೀಜಿ ಕರೆಗೆ ಓಗೊಟ್ಟು ಸುಬ್ಬರಾವ್ ಖಾದಿ ತೊಟ್ಟರು, ಆಪರೇಷನ್ ಥಿಯೇಟರಿನಲ್ಲೂ ಖಾದಿಯೇ. ಸರ್ಜರಿ ಪ್ರೊಫೆಸರರಿಗೆ ಅದು ಹಿಡಿಸಲಿಲ್ಲ. ಪರೀಕ್ಷೆ ಚೆನ್ನಾಗಿ ಬರೆದಿದ್ದರೂ ಕೈಗೆ ಬಂದದ್ದು ಎಂಬಿಬಿಎಸ್ ಅಲ್ಲ, ಅದಕ್ಕಿಂತ ಕೆಳಗಿನ ಎಲ್‌ಎಂಎಸ್. ಒಂದು ಬ್ಯಾಕ್‌ಲಾಗ್ ಮಾರ್ಕ್ಸ್‌ಕಾರ್ಡಿನಲ್ಲಿ ಉಳಿದುಬಿಟ್ಟರೆ ಎಷ್ಟು ದೂರ ಬೆನ್ನಟ್ಟುತ್ತದೆ ಅಂತ ನಾವು ಹೆದರ್ತೀವಲ್ಲ, ಈ ಮೂರಕ್ಷರ ಅವರನ್ನು ಅಟ್ಲಾಂಟಿಕ್ ದಾಟಿಯೂ ಬೆನ್ನಟ್ಟಿತು.

ಈ ಮಧ್ಯೆ ಅಣ್ಣ ಪುರುಷೋತ್ತಮ್ ಸ್ಪ್ರೂ ಅನ್ನುವ ಕಾಯಿಲೆಯಿಂದ ತೀರಿಕೊಂಡರು. ತಿಂದದ್ದು ಮೈಗೆ ಹತ್ತದೆ, ರಕ್ತ ಕಡಿಮೆಯಾಗಿ ಸಾಯುವ ರೋಗ ಅದು. ಆಗ ಅದಕ್ಕೆ ಔಷಧಿಯೇ ಇರಲಿಲ್ಲ. ಸುಬ್ಬರಾವ್ ಮದ್ರಾಸಿನ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಪಾಠ ಮಾಡುತ್ತಲೇ ಹೊರದೇಶಕ್ಕೆ ಹೋಗಿ ಸಂಶೋಧನೆ ಮಾಡುವ ದಾರಿ ಹುಡುಕತೊಡಗಿದರು. ಹಾರ್ವರ್ಡಿನಲ್ಲಿ ಉಷ್ಣವಲಯದ ರೋಗಗಳ ಡಿಪ್ಲೊಮಾಕ್ಕೆ ಸೀಟೇನೋ ಸಿಕ್ಕಿತು, ಆದರೆ ಸ್ಕಾಲರ್‌ಶಿಪ್ ಇಲ್ಲ. ಕಾಕಿನಾಡದ ಮಲ್ಲಾಡಿ ಸತ್ಯಲಿಂಗಂ ನಾಯಕರ್ ಧರ್ಮಸಂಸ್ಥೆ ನೆರವು ಕೊಡುವ ಭರವಸೆ ಕೊಟ್ಟಿತು, ಮಿಕ್ಕಿದ್ದಕ್ಕೆ ಮಾವ ಕಸ್ತೂರಿ ಸೂರ್ಯನಾರಾಯಣ ಮೂರ್ತಿಯವರು ಹಣ ಹೊಂದಿಸಿದರು. ಹೆಂಡತಿ ಶೇಷಗಿರಿ ಊರಲ್ಲೇ ಉಳಿದರು.

1920ರ ದಶಕದ ಆರಂಭದ ಬೋಸ್ಟನ್ ಭಾರತೀಯರಿಗೆ ಅಂಥ ಪ್ರೀತಿಯ ಜಾಗವೇನಲ್ಲ. ಭಾರತೀಯರು ಅಮೆರಿಕದ ಪೌರರಾಗುವಂತಿಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1923ರಲ್ಲೇ ತೀರ್ಪು ಕೊಟ್ಟಿತ್ತು. ಎಲ್‌ಎಂಎಸ್ ಇಟ್ಟುಕೊಂಡು ಆಸ್ಪತ್ರೆಯಲ್ಲಿ ಡಾಕ್ಟರ್ ಕೆಲಸ ಸಿಗಲಿಲ್ಲ. ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲೇ ರಾತ್ರಿಪಾಳಿಯ ಪೋರ್ಟರ್ ಆದರು. ರೋಗಿಗಳ ಮಲಮೂತ್ರದ ಪಾತ್ರೆ ಖಾಲಿ ಮಾಡಿ ತೊಳೆಯುವ ಕೆಲಸ. ಹಗಲು ಹಾರ್ವರ್ಡ್, ರಾತ್ರಿ ಇದು. ಕ್ಯಾಂಪಸ್ ಕ್ಯಾಂಟೀನಿನಲ್ಲಿ ತಟ್ಟೆ ತೊಳೆದೆವು ಅಂತ ಸೀನಿಯರ್‌ಗಳು ಹೇಳುವುದನ್ನು ಕೇಳಿದ್ದೇವೆ, ಇದು ಅದಕ್ಕೂ ಒಂದು ಕೈ ಮೇಲು.

ಡಿಪ್ಲೊಮಾ ಮುಗಿಯಿತು. ಮರಳಿ ವೈದ್ಯವೃತ್ತಿಗೆ ಹೋಗದೆ ಅವರು ಹಾರ್ವರ್ಡಿನ ಬಯೋಕೆಮಿಸ್ಟ್ರಿ ವಿಭಾಗಕ್ಕೆ ಹೊರಳಿದರು. ಓಟೋ ಫೋಲಿನ್ ಮುಖ್ಯಸ್ಥರಾಗಿದ್ದ ವಿಭಾಗ ಅದು. ಅಲ್ಲಿ ಸೈರಸ್ ಫಿಸ್ಕೆ ಜೊತೆ ಕೆಲಸ. ರಕ್ತದಲ್ಲಿ, ಮೂತ್ರದಲ್ಲಿ ರಂಜಕ ಎಷ್ಟಿದೆ ಅಂತ ಸರಿಯಾಗಿ ಅಳೆಯಬೇಕಿತ್ತು. ಆಮ್ಲದಲ್ಲಿ ಫಾಸ್ಫೇಟಿಗೆ ಮಾಲಿಬ್ಡೇಟ್ ಸೇರಿಸಿ, ತಕ್ಕ ರಾಸಾಯನಿಕದಿಂದ ಅಪಕರ್ಷಿಸಿದರೆ ನೀಲಿ ಬಣ್ಣ ಬರುತ್ತದೆ. ಬಣ್ಣ ಗಾಢವಾದಷ್ಟೂ ಫಾಸ್ಫೇಟ್ ಜಾಸ್ತಿ. 1925ರಲ್ಲಿ ಬಂದ ಈ ಫಿಸ್ಕೆ–ಸುಬ್ಬರಾವ್ ವಿಧಾನ ಇವತ್ತಿಗೂ ಲ್ಯಾಬುಗಳಲ್ಲಿ ಬಳಕೆಯಲ್ಲಿದೆ.

ನಮಗೆ ಇದರಲ್ಲಿ ತುಂಬ ಇಷ್ಟವಾದದ್ದು ಮುಂದಿನ ಭಾಗ. ಸ್ನಾಯುವಿನ ರಸ ಹಾಕಿದಾಗ ನೀಲಿ ಬಣ್ಣ ಒಮ್ಮೆಲೇ ಬಂದು ನಿಲ್ಲುತ್ತಿರಲಿಲ್ಲ, ನಿಧಾನವಾಗಿ ಏರುತ್ತಲೇ ಇರುತ್ತಿತ್ತು. ನಮ್ಮ ಲ್ಯಾಬಿನಲ್ಲಾಗಿದ್ದರೆ ರೀಡಿಂಗ್ ಸರಿಯಿಲ್ಲ ಅಂತ ಪಕ್ಕದ ಬ್ಯಾಚಿನದು ಕಾಪಿ ಹೊಡೆದು ಎದ್ದು ಬರ್ತಿದ್ವಿ. ಇವರಿಬ್ಬರು ಹಾಗೆ ಬಿಡಲಿಲ್ಲ. ಆಮ್ಲದಲ್ಲಿ ಮೆಲ್ಲಗೆ ಒಡೆದು ಫಾಸ್ಫೇಟ್ ಬಿಡುಗಡೆ ಮಾಡುವ ಏನೋ ಒಂದು ಸ್ನಾಯುವಿನಲ್ಲಿದೆ ಅಂತ ಹಿಡಿದು ಹೊರಟರು. 1927ರಲ್ಲಿ ಸಿಕ್ಕಿದ್ದು ಫಾಸ್ಫೋಕ್ರಿಯೇಟಿನ್, 1929ರಲ್ಲಿ ಎಟಿಪಿ. ಅದೇ ವರ್ಷ ಜರ್ಮನಿಯ ಕಾರ್ಲ್ ಲೋಮನ್ ಕೂಡ ಬೇರೆಯಾಗಿಯೇ ಎಟಿಪಿ ಕಂಡುಹಿಡಿದರು. 1930ರಲ್ಲಿ ಸುಬ್ಬರಾವ್ ಅವರಿಗೆ ಪಿಎಚ್‌ಡಿ ಸಿಕ್ಕಿತು.

ಇಷ್ಟಾದ ಮೇಲೂ ಹಾರ್ವರ್ಡ್ ಅವರಿಗೆ ಕಾಯಂ ಹುದ್ದೆ ಕೊಡಲಿಲ್ಲ. ಮುಂದೆ ನೊಬೆಲ್ ಪಡೆದ ಜಾರ್ಜ್ ಹಿಚಿಂಗ್ಸ್ ಅದೇ ಲ್ಯಾಬಿನ ವಿದ್ಯಾರ್ಥಿ. ಸುಬ್ಬರಾವ್ ಬೇರ್ಪಡಿಸಿದ್ದ ಕೆಲವು ವಸ್ತುಗಳನ್ನು ಪ್ರಕಟಿಸಲು ಫಿಸ್ಕೆ ಬಿಡಲಿಲ್ಲ, ಹಾಗಾಗಿ ಬೇರೆಯವರು ವರ್ಷಗಳ ನಂತರ ಅವನ್ನು ಮತ್ತೆ ಕಂಡುಹಿಡಿಯಬೇಕಾಯಿತು ಎಂದು ಹಿಚಿಂಗ್ಸ್ ಹೇಳಿದ್ದಾರೆ. ಗೈಡ್ ಆರಿಸಿಕೊಳ್ಳುವುದು ಫಂಡಿಂಗ್‌ಗಿಂತ ದೊಡ್ಡ ವಿಷಯ ಅಂತ ನಮಗನಿಸಿದ್ದು ಇಲ್ಲಿ.

1940ರಲ್ಲಿ ಅವರು ಯೂನಿವರ್ಸಿಟಿ ಬಿಟ್ಟು ನ್ಯೂಯಾರ್ಕ್ ಹತ್ತಿರದ ಲೆಡರ್ಲೆ ಔಷಧ ಕಂಪನಿಗೆ ಸೇರಿದರು. ಕೈಕೆಳಗೆ ಒಂದು ದೊಡ್ಡ ತಂಡ. ಎಂಟೇ ವರ್ಷ, ಆದರೆ ಎಂಥ ಎಂಟು ವರ್ಷ! 1945ರಲ್ಲಿ ತಂಡ ಫೋಲಿಕ್ ಆಮ್ಲವನ್ನು ತಯಾರಿಸಿತು. ಅಣ್ಣನನ್ನು ಕೊಂದ ಸ್ಪ್ರೂಗೆ ಕೊನೆಗೂ ಔಷಧಿ ಸಿಕ್ಕಿದ್ದು ಅದರಲ್ಲಿ. ಫೋಲಿಕ್ ಆಮ್ಲವನ್ನೇ ಸ್ವಲ್ಪ ತಿರುಚಿ, ಜೀವಕೋಶವನ್ನು ಮೋಸಗೊಳಿಸುವ ಅಣುಗಳನ್ನೂ ಮಾಡಿದರು. ಅದರಲ್ಲೊಂದಾದ ಅಮಿನೋಪ್ಟೆರಿನ್ ಅನ್ನು ಬೋಸ್ಟನ್ನಿನ ಸಿಡ್ನಿ ಫಾರ್ಬರ್ ಲ್ಯುಕೇಮಿಯಾ ಇದ್ದ 16 ಮಕ್ಕಳಿಗೆ ಕೊಟ್ಟರು. 10 ಮಕ್ಕಳಲ್ಲಿ ರೋಗ ತಾತ್ಕಾಲಿಕವಾಗಿ ಹಿಂದೆ ಸರಿಯಿತು. ಅದುವರೆಗೆ ಆ ಮಕ್ಕಳಿಗೆ ಯಾವ ಔಷಧಿಯೂ ಇರಲಿಲ್ಲ. ಅದರ ತಮ್ಮನಂತಿರುವ ಮೆಥೋಟ್ರೆಕ್ಸೇಟ್ ಇವತ್ತಿಗೂ ಕ್ಯಾನ್ಸರಿಗೆ, ಸಂಧಿವಾತಕ್ಕೆ ಕೊಡುವ ಮಾತ್ರೆ. ಎಪ್ಪತ್ತು ದಾಟಿದ್ದ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಡಗ್ಗರ್ ಈ ತಂಡದಲ್ಲಿದ್ದುಕೊಂಡೇ ಮಣ್ಣಿನಿಂದ ಆರಿಯೋಮೈಸಿನ್ ತೆಗೆದರು. ಟೆಟ್ರಾಸೈಕ್ಲಿನ್ ಗುಂಪಿನ ಮೊದಲ ಔಷಧಿ ಅದು.

ಇನ್ನೊಂದು ನಮ್ಮ ಕಡೆಯವರಿಗೆ ಹತ್ತಿರದ್ದು. ಕಲಬುರಗಿ, ಬೀದರ್, ರಾಯಚೂರು ಕಡೆಯ ಗೆಳೆಯರು ಆನೆಕಾಲು ರೋಗ ಬಾರದಿರಲಿ ಅಂತ ಆರೋಗ್ಯ ಇಲಾಖೆಯವರು ಮನೆಮನೆಗೆ ಬಂದು ಕೊಡುವ ಡಿಇಸಿ ಮಾತ್ರೆ ನುಂಗಿರುತ್ತಾರೆ. ಅದೂ ಸುಬ್ಬರಾವ್ ತಂಡದ್ದೇ, 1947ರದು.

1948ರ ಆಗಸ್ಟಿನಲ್ಲಿ ನಿದ್ದೆಯಲ್ಲೇ ತೀರಿಕೊಂಡರು. 53 ವರ್ಷ. ಹಡಗು ಹತ್ತಿದ ಮೇಲೆ ಅವರು ಒಮ್ಮೆಯೂ ಭಾರತಕ್ಕೆ ಬರಲಿಲ್ಲ. ಅವರು ಹೋದಮೇಲೆ ಹುಟ್ಟಿದ ಮಗು ಎಳೆಯದರಲ್ಲೇ ತೀರಿಹೋಯಿತು, ಅದರ ಮುಖವನ್ನೂ ನೋಡಲಿಲ್ಲ. ಮಾವ ದುಡ್ಡು ಹೊಂದಿಸಿದ್ದನ್ನು ಎಲ್ಲರೂ ಬರೆಯುತ್ತಾರೆ, ಶೇಷಗಿರಿಯವರು ತೆತ್ತದ್ದರ ಲೆಕ್ಕ ಬರೆದವರು ಕಡಿಮೆ. ಭಾರತ ಸರ್ಕಾರ ಸುಬ್ಬರಾವ್ ಹೆಸರಲ್ಲಿ ಅಂಚೆಚೀಟಿ ತಂದದ್ದು 1995ರಲ್ಲಿ, ಅವರು ಹುಟ್ಟಿ ನೂರು ವರ್ಷ ತುಂಬಿದಾಗ.