ಓಡೋದನ್ನ ಕಲಿಸಿದ ಜಿಮ್ ಫಿಕ್ಸ್ ಓಡ್ತಾನೇ ಹೋದರು: ಯಾಕೆ?

1984ರ ಜುಲೈ 20. ಅಮೆರಿಕದ ವರ್ಮಾಂಟ್ ರಾಜ್ಯದ ಹಾರ್ಡ್‌ವಿಕ್ ಎಂಬ ಸಣ್ಣ ಊರು. ದಿನದ ಓಟಕ್ಕೆ ಹೋಗಿದ್ದ 52 ವರ್ಷದ ವ್ಯಕ್ತಿಯೊಬ್ಬರು ರಸ್ತೆ ಬದಿ ಕುಸಿದು ಬಿದ್ದು ಪ್ರಾಣ ಬಿಟ್ಟರು. ಅವರೇ ಜಿಮ್ ಫಿಕ್ಸ್. ಲಕ್ಷಾಂತರ ಜನರಿಗೆ ಓಡುವ ಹುಚ್ಚು ಹಿಡಿಸಿದ ಲೇಖಕ.

ಫಿಕ್ಸ್ ಹುಟ್ಟಿದ್ದು 1932ರಲ್ಲಿ, ನ್ಯೂಯಾರ್ಕ್‌ನಲ್ಲಿ. ಪತ್ರಿಕೆಯಲ್ಲಿ ಸಂಪಾದಕರ ಕೆಲಸ. ದಿನಕ್ಕೆ ಎರಡು ಪ್ಯಾಕ್ ಸಿಗರೇಟು, ತೂಕ ಸುಮಾರು 97 ಕೆ.ಜಿ. ಇದರ ಜೊತೆ ಇನ್ನೊಂದು ಭಯ ಇತ್ತು. ಅವರ ತಂದೆಗೆ 35ನೇ ವಯಸ್ಸಿಗೇ ಹಾರ್ಟ್ ಅಟ್ಯಾಕ್ ಆಗಿ, 43ಕ್ಕೆ ತೀರಿಕೊಂಡಿದ್ದರು.

1967ರಲ್ಲಿ, ತಮಗೂ 35 ಆದಾಗ ಫಿಕ್ಸ್ ಓಡೋಕೆ ಶುರು ಮಾಡಿದರು. ಹತ್ತು ವರ್ಷದಲ್ಲಿ ಸುಮಾರು 27 ಕೆ.ಜಿ. ಇಳಿಸಿದರು, ಸಿಗರೇಟೂ ಬಿಟ್ಟರು. 1977ರಲ್ಲಿ ಬಂದ ಅವರ ‘ದಿ ಕಂಪ್ಲೀಟ್ ಬುಕ್ ಆಫ್ ರನ್ನಿಂಗ್’ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಮುಖಪುಟದಲ್ಲಿದ್ದದ್ದು ಅವರದೇ ಕಾಲುಗಳ ಫೋಟೋ.

ಸಾಯುವ ಕೆಲವು ತಿಂಗಳ ಹಿಂದೆ ಫಿಕ್ಸ್, ಹೆಸರಾಂತ ವೈದ್ಯ ಕೆನೆತ್ ಕೂಪರ್ ಅವರ ಡಲ್ಲಾಸ್ ಕ್ಲಿನಿಕ್‌ಗೆ ಹೋಗಿದ್ದರು. ಟ್ರೆಡ್‌ಮಿಲ್ ಟೆಸ್ಟ್ ಮಾಡಿಸಿಕೊಳ್ಳಿ ಎಂದು ಕೂಪರ್ ಕರೆದರೂ ಒಪ್ಪಲಿಲ್ಲ.

ಮರಣೋತ್ತರ ಪರೀಕ್ಷೆ ಬೇರೆಯದೇ ಕಥೆ ಹೇಳಿತು. ಹೃದಯದ ಒಂದು ರಕ್ತನಾಳ ಶೇ. 95, ಇನ್ನೊಂದು ಶೇ. 85, ಮತ್ತೊಂದು ಶೇ. 70ರಷ್ಟು ಕಟ್ಟಿತ್ತು. ಹಿಂದೆ ಅಟ್ಯಾಕ್ ಆಗಿದ್ದ ಗುರುತೂ ಸಿಕ್ಕಿತು.

ಓಡುವಾಗ ಹೃದಯಕ್ಕೆ ಜಾಸ್ತಿ ರಕ್ತ ಬೇಕು. ನಾಳ ಕಟ್ಟಿದ್ದರೆ ಅಷ್ಟು ರಕ್ತ ಹರಿಯಲ್ಲ. ಬಡಿತದ ಲಯ ತಪ್ಪುತ್ತೆ, ಮನುಷ್ಯ ಕ್ಷಣದಲ್ಲಿ ಕುಸಿಯುತ್ತಾನೆ. 35 ದಾಟಿದ ಓಟಗಾರರ ಹಠಾತ್ ಸಾವಿಗೆ ಮುಖ್ಯ ಕಾರಣವೇ ಇದು. ಚಿಕ್ಕ ವಯಸ್ಸಿನವರಲ್ಲಿ ಹೆಚ್ಚಾಗಿ ಹುಟ್ಟಿನಿಂದ ಅಥವಾ ವಂಶದಿಂದ ಬಂದ ಹೃದಯದ ದೋಷ ಇರುತ್ತೆ.

ಓಟವೇ ಅವರನ್ನು ಕೊಂದಿತು ಎಂದು ಆಗ ಹಲವರು ಆಡಿಕೊಂಡರು. ಆದರೆ ಫಿಕ್ಸ್ ತಂದೆಗಿಂತ ಒಂಬತ್ತು ವರ್ಷ ಹೆಚ್ಚು ಬದುಕಿದ್ದರು. ಓಟದಿಂದ ಮೈ ಹಗುರಾಯಿತು ನಿಜ, ವಂಶದಿಂದ ಬಂದದ್ದು, ಸಿಗರೇಟು ಉಳಿಸಿ ಹೋದದ್ದು ಒಳಗೇ ಇತ್ತು.

ಹಾಗಾಗಿ ಬೆಳಗಿನ ವಾಕಿಂಗ್, ಓಟ ಬಿಡಬೇಡಿ. ಆದರೆ ಅಪ್ಪ, ಅಣ್ಣ ಯಾರಿಗಾದರೂ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆ ಬಂದಿದ್ದರೆ, ಜೋರಾಗಿ ಓಡೋಕೆ ಮೊದಲು ಡಾಕ್ಟರಿಗೆ ತೋರಿಸಿ. ಓಡುವಾಗ ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಗ್ಯಾಸ್ಟ್ರಿಕ್ ಅಂತ ಸುಮ್ಮನಾಗಬೇಡಿ. ಅಲ್ಲೇ ನಿಲ್ಲಿಸಿ, ಅವತ್ತೇ ಆಸ್ಪತ್ರೆಗೆ ಹೋಗಿ.